ಶಿಖರ ಕಾಣುತ್ತಿರುವಾಗ ಹಿಂದಿರುಗುವುದು

ಮಳೆ ಬಿಟ್ಟು ಹೊಳವಾದ ಬೆಳಗಿನ ಹೊತ್ತು ಮೂಡುಬಿದಿರೆಯ ಯಾವುದಾದರೊಂದು ಎತ್ತರದ ದಿಬ್ಬದ ಮೇಲೆ ನಿಂತು ಮೂಡಣಕ್ಕೆ ಕಣ್ಣು ಹಾಯಿಸಿದರೆ ಘಟ್ಟದ ನೀಲಿ ಗೋಡೆ ಕಾಣುತ್ತದೆ. ಬೆಳ್ತಂಗಡಿಯವರಿಗಂತೂ ಅದು ಅಂಗಳದಿಂದಲೇ ಕಾಣುವ ನಿತ್ಯದ ನೋಟ. ಆ ಸಾಲಿನಲ್ಲಿ ತಲೆಯೆತ್ತಿ ನಿಂತಿರುವುದು ಕುದುರೆಮುಖ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 1,890 ಮೀಟರ್, ಅಂದರೆ 6,200 ಅಡಿ. ಕಡಲಿನಿಂದ ಬಂದ ಮೋಡವನ್ನು ತಡೆದು ನಮ್ಮ ಗದ್ದೆ ತೋಟಗಳಿಗೆ ಮಳೆ ಸುರಿಸುವ ಗೋಡೆಯೂ ಅದೇ.

ಪ್ರಿಯ ಓದುಗರೇ, ಆ ಬೆಟ್ಟವನ್ನು ಹತ್ತಬೇಕೆಂದು ನಿಮಗೂ ನಿಮ್ಮ ಮಕ್ಕಳಿಗೂ ಎಂದಾದರೂ ಆಸೆಯಾಗಿರಬಹುದು. ಆ ಆಸೆಯ ಬಗ್ಗೆ ಆಕ್ಷೇಪವೆತ್ತುವುದು ನನ್ನ ಉದ್ದೇಶವಲ್ಲ. ಆದರೆ ಆ ಹಾದಿಯಲ್ಲಿ ನನಗೆ ಎದುರಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕಾಗಿದೆ. ಬಹುಕಾಲ ಬಯಸಿ, ಸಿದ್ಧತೆ ಮಾಡಿ, ಮುಕ್ಕಾಲು ದಾರಿ ಸವೆಸಿದ ಮೇಲೆ ಗುರಿ ಕಣ್ಣೆದುರಿಗೇ ಇರುವಾಗ ಹಿಂದಿರುಗುವುದು ವಿವೇಕವೋ, ಹೇಡಿತನವೋ?

ಮುಳ್ಳೋಡಿಯ ಹಾದಿ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ಶಿಕ್ಷಕನಾಗಿದ್ದ ಕಾಲ. ನಮ್ಮ ಧರ್ಮಕೇಂದ್ರದ ಹನ್ನೊಂದು ಮಂದಿ ಯುವಕರನ್ನು ಕರೆದುಕೊಂಡು ಅಕ್ಟೋಬರ್ ಕೊನೆಯ ಒಂದು ಶನಿವಾರ ಕುದುರೆಮುಖಕ್ಕೆ ಹೊರಟೆ. ಕಾರ್ಕಳ, ಬಜಗೋಳಿ ದಾಟಿ, ಎಸ್.ಕೆ. ಬಾರ್ಡರಿನಲ್ಲಿ ಬಲಕ್ಕೆ ತಿರುಗಿ, ಕುದುರೆಮುಖ ಪಟ್ಟಣದ ಮೂಲಕ ಸಂಸೆಯ ಕಡೆಗೆ ಹೋಗಿ, ಅಲ್ಲಿಂದ ಜೀಪು ಹಿಡಿದು ಮುಳ್ಳೋಡಿಗೆ ಏರಬೇಕು. ಮುಳ್ಳೋಡಿ ಎಂದರೆ ನಾಲ್ಕಾರು ಮನೆ, ಅಡಿಕೆ, ಕಾಫಿ, ಒಂದು ತೊರೆ. ಆ ದಿನಗಳಲ್ಲಿ ಅಲ್ಲಿ ಜೀಪಿನ ಸದ್ದು ನಿಂತ ಕೂಡಲೇ ನೀರಿನ ಸದ್ದಲ್ಲದೆ ಬೇರೇನೂ ಕೇಳುತ್ತಿರಲಿಲ್ಲ. ಅಲ್ಲಿಂದ ಶಿಖರಕ್ಕೆ ಒಂಬತ್ತು ಹತ್ತು ಕಿಲೋಮೀಟರ್ ನಡಿಗೆ. ಹೋಗಿ ಬರುವಷ್ಟರಲ್ಲಿ ಇಡೀ ದಿನ ಕಳೆಯುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲವಾದ್ದರಿಂದ ಕತ್ತಲಾಗುವ ಮುನ್ನ ಇಳಿಯಲೇಬೇಕು.

ಬೆಳಗಿನ ಜಾವ ನಾಲ್ಕೂವರೆಗೆ ಮೂಡುಬಿದಿರೆ ಬಿಡಬೇಕೆಂದು ನಾನೇ ಹೇಳಿದ್ದೆ. ಬಿಟ್ಟಾಗ ಆರೂವರೆ. ಒಬ್ಬನಿಗಾಗಿ ಕಾದೆವು, ಇನ್ನೊಬ್ಬನ ಮನೆಯಲ್ಲಿ ಕಾಫಿ ಕುಡಿದೆವು. ಗಟ್ಟಿಯಾಗಿ ಹೇಳಬೇಕಾದವನು ನಾನು. ಹೇಳಲಿಲ್ಲ. ಮುಳ್ಳೋಡಿಯಿಂದ ಹೆಜ್ಜೆ ಹಾಕುವಾಗ ಹತ್ತು ಗಂಟೆ. ಜೊತೆಗೆ ಬಂದ ಮಾರ್ಗದರ್ಶಿ ಆಕಾಶವನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಗುಂಪಿನಲ್ಲಿದ್ದ ಒಬ್ಬ ಯುವಕನಿಗೆ ಕತಾರಿನ ವೀಸಾ ಬಂದಿತ್ತು. ಮುಂದಿನ ಬುಧವಾರ ಅವನ ಪ್ರಯಾಣ. "ಚಿಕ್ಕಂದಿನಿಂದ ದೂರದಿಂದಲೇ ನೋಡಿದ ಗುಡ್ಡ ಸರ್, ಹೋಗುವ ಮೊದಲು ಒಮ್ಮೆ ಅದರ ತಲೆಯ ಮೇಲೆ ನಿಲ್ಲಬೇಕು" ಎಂದು ಅವನು ವಾರವಿಡೀ ಹೇಳುತ್ತಿದ್ದ. ಈ ಚಾರಣ ಏರ್ಪಟ್ಟದ್ದೂ ಬಹುಮಟ್ಟಿಗೆ ಅವನಿಗಾಗಿಯೇ.

ಒಂಟಿಮರ ಎಂದು ಕರೆಯುವ ತಾಣ ದಾಟಿದ ಮೇಲೆ ಕಾಡಿನ ಮರೆ ಕಡಿಮೆ. ಮುಂದೆ ಹುಲ್ಲುಗಾವಲಿನ ಬೋಳು ಏಣು. ಒಂದು ಗಂಟೆಯ ಸುಮಾರಿಗೆ ನಾವು ಆ ಏಣಿನ ಮೇಲಿದ್ದೆವು. ಶಿಖರ ಎದುರಿಗೇ ಕಾಣುತ್ತಿತ್ತು. ಹೆಚ್ಚೆಂದರೆ ಒಂದು ಗಂಟೆಯ ಹಾದಿ. ಆಗ ಪಡುವಣದಿಂದ, ಬೆಳ್ತಂಗಡಿಯ ಕಡೆಯ ಕಣಿವೆಯಿಂದ, ಬುಡ ಕಪ್ಪಾದ ಮೋಡವೊಂದು ಮೇಲೆದ್ದಿತು. ಎಲ್ಲೋ ದೂರದಲ್ಲಿ ಒಂದು ಸಲ ಗುಡುಗಿತು. ಮಾರ್ಗದರ್ಶಿಯನ್ನು ಕೇಳಿದೆ. "ಬಂದರೂ ಬರಬಹುದು, ಬರದೇನೂ ಇರಬಹುದು ಸಾರ್. ನೀವು ಹೇಳಿದ ಹಾಗೆ" ಎಂದರು.

"ಇಳಿಯೋಣ" ಎಂದೆ.

ಬೆಟ್ಟದ ಹವೆ ನಮ್ಮೂರಿನ ಹವೆಯಲ್ಲ

ನನ್ನ ನಿರ್ಧಾರ ಸರಿಯೋ ತಪ್ಪೋ ಎಂದು ನೀವು ತೂಗುವ ಮೊದಲು ಬೆಟ್ಟದ ಹವೆಯ ಸ್ವಭಾವವನ್ನು ತಿಳಿಯುವುದು ಅಗತ್ಯ. ಅರಬ್ಬಿ ಕಡಲಿನ ತೇವದ ಗಾಳಿ ಬಯಲಿನ ಮೇಲೆ ಹಾಯಾಗಿ ಹಾದು ಬಂದು ಘಟ್ಟಕ್ಕೆ ತಾಗಿದಾಗ ಮೇಲೇರದೆ ಗತ್ಯಂತರವಿಲ್ಲ. ಏರಿದಂತೆ ಗಾಳಿ ತಣಿಯುತ್ತದೆ, ತಣಿದಂತೆ ಅದರಲ್ಲಿರುವ ನೀರಿನ ಆವಿ ಮೋಡವಾಗುತ್ತದೆ. ಸಾಮಾನ್ಯವಾಗಿ ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕರಾವಳಿಯಲ್ಲಿ ಬೆವರು ಸುರಿಯುವಾಗ ಶಿಖರದಲ್ಲಿ ಹತ್ತು ಹನ್ನೆರಡು ಡಿಗ್ರಿ ಕಡಿಮೆ. ಒದ್ದೆ ಬಟ್ಟೆಗೆ ಅಲ್ಲಿನ ಗಾಳಿ ಸೇರಿದರೆ ಗಟ್ಟಿಮುಟ್ಟಾದ ತರುಣನೂ ನಡುಗಿ ಹೆಜ್ಜೆ ತಪ್ಪುತ್ತಾನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಮಳೆ, ಮಂಜು, ಇಂಬಳ ಇವೆಲ್ಲ ಎದ್ದು ಕಾಣುವ ತೊಡಕುಗಳು. ಹುಲ್ಲಿನ ಇಳಿಜಾರು ಎಣ್ಣೆ ಸವರಿದಂತೆ ಜಾರುತ್ತದೆ. ಬೆಳಿಗ್ಗೆ ಮೊಣಕಾಲಿನವರೆಗಿದ್ದ ತೊರೆ ಮೇಲೆಲ್ಲೋ ಸುರಿದ ಮಳೆಗೆ ಸಂಜೆ ದಾಟಲಾಗದಂತೆ ಉಕ್ಕುತ್ತದೆ. 2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದ ಊರುಗಳಿಗೆ ನುಗ್ಗಿದ ನೆರೆಯನ್ನೂ ಚಾರ್ಮಾಡಿ ಘಾಟಿಯ ಕುಸಿತಗಳನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಹೆಚ್ಚು ಮೋಸಹೋಗುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳ ಗುಣವೂ ಹೀಗೆಯೇ. ಬೆಳಗು ಶುಭ್ರವಾಗಿರುತ್ತದೆ. ಬಿಸಿಲೇರಿದಂತೆ ನೆಲ ಕಾದು, ತೇವದ ಗಾಳಿ ಮೇಲೆದ್ದು, ಮಧ್ಯಾಹ್ನದ ವೇಳೆಗೆ ಮೋಡ ಗೋಪುರದಂತೆ ಬೆಳೆಯುತ್ತದೆ. ಮೂರು ಗಂಟೆಗೆ ಸಿಡಿಲು. ಆದ್ದರಿಂದಲೇ ತಿಳಿದವರು ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಬೋಳು ಏಣನ್ನು ಬಿಟ್ಟು ಇಳಿಯುತ್ತಾರೆ. ನಾನು ಕಳೆದುಕೊಂಡ ಎರಡು ಗಂಟೆ ಬರಿಯ ಎರಡು ಗಂಟೆಯಾಗಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿರಿ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಆಗ ಬಯಲಿನಲ್ಲಿರಬಾರದು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಕಾಯಬೇಕು. ಏಣಿನ ಮೇಲೆ, ಒಂಟಿ ಮರದ ಕೆಳಗೆ ನಿಲ್ಲಲೇಬಾರದು. ದಣಿದವರು ಒರಗಿ ಕೂರುವ ಆ ಒಂಟಿಮರವೇ ಸಿಡಿಲಿನ ಹೊತ್ತಿಗೆ ಅತ್ಯಂತ ಅಪಾಯದ ಸ್ಥಳವಾಗುತ್ತದೆ ಎಂಬುದನ್ನು ಆ ದಿನ ನಮಗೆ ಹೇಳಿಕೊಟ್ಟವರು ನಮ್ಮ ಮಾರ್ಗದರ್ಶಿ.

ದಿನ ನಮ್ಮದು, ಹವೆ ನಮ್ಮದಲ್ಲ

ಈಗಿನ ಚಾರಣಿಗರಿಗೆ ನಮಗಿಲ್ಲದ ಅನುಕೂಲಗಳಿವೆ. ಹವಾಮಾನ ಇಲಾಖೆ ಜಿಲ್ಲಾವಾರು ಎಚ್ಚರಿಕೆಯನ್ನು ನಾಲ್ಕು ಬಣ್ಣಗಳಲ್ಲಿ ಪ್ರಕಟಿಸುತ್ತದೆ. ಹಸಿರೆಂದರೆ ಎಚ್ಚರಿಕೆಯೇನಿಲ್ಲ, ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ಕೈಗೊಳ್ಳಿ. ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.5 ಅಥವಾ ಅದಕ್ಕಿಂತ ಹೆಚ್ಚಾದರೆ ಅತ್ಯಂತ ಭಾರೀ ಮಳೆ ಎಂದು ಲೆಕ್ಕ. ಸಿಡಿಲಿನ ಸುಳಿವಿಗೆ ಪುಣೆಯ ಸಂಸ್ಥೆ ರೂಪಿಸಿದ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಇದೆ. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು. ನಾವು ವಾಸಿಸುವುದು ದಕ್ಷಿಣ ಕನ್ನಡದಲ್ಲಾದರೂ ಮುಳ್ಳೋಡಿ ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ. ಆದ್ದರಿಂದ ಎರಡೂ ಜಿಲ್ಲೆಗಳ ಸೂಚನೆಯನ್ನು ನೋಡಬೇಕು. ಪಡುವಣ ಇಳಿಜಾರಿನ ಮೋಡ ಗಡಿಗಲ್ಲನ್ನು ಓದಿಕೊಂಡು ನಿಲ್ಲುವುದಿಲ್ಲ.

ಆದರೆ ಅನುಕೂಲದ ಜೊತೆಗೇ ಹೊಸದೊಂದು ಇಕ್ಕಟ್ಟೂ ಬಂದಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಲೇ ನುಗ್ಗಿದ ಬಳಿಕ ರಾಜ್ಯ ಸರ್ಕಾರ ಚಾರಣಗಳನ್ನು ತಡೆಹಿಡಿದು, ಅದೇ ವರ್ಷ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ಒಂದು ಹಾದಿಗೆ ದಿನಕ್ಕೆ 300 ಮಂದಿಯ ಮಿತಿ ಹಾಕಿತು. ಇದು ಒಳ್ಳೆಯದೇ, ಬೆಟ್ಟಕ್ಕೂ ಉಸಿರು ಬೇಕು. ಆದರೆ ಪರಿಣಾಮವೇನು? ದಿನವನ್ನು ಬಹಳ ಮೊದಲೇ ಗೊತ್ತುಮಾಡುತ್ತೇವೆ; ಹವೆಯ ಸುಳಿವು ನಂಬುವಷ್ಟು ಸಿಗುವುದು ಕೆಲವೇ ದಿನಗಳ ಮೊದಲು. ಹಣ ಕಟ್ಟಿಯಾಗಿದೆ, ರಜೆ ಹಾಕಿಯಾಗಿದೆ, ಗಾಡಿ ಹೇಳಿಯಾಗಿದೆ. ಆಗ ಕಿತ್ತಳೆ ಬಣ್ಣವೂ ನಮ್ಮ ಕಣ್ಣಿಗೆ ಹಳದಿಯಾಗಿ ಕಾಣತೊಡಗುತ್ತದೆ.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮನುಷ್ಯನ ಬುದ್ಧಿ ಎಲ್ಲ ಸ್ಥಳಗಳಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಮನೆಯ ಊಟದ ಮೇಜಿನ ಮುಂದೆ ಕುಳಿತು, "ಒಂದು ಗಂಟೆಯೊಳಗೆ ಶಿಖರ ತಲುಪದಿದ್ದರೆ ಅಥವಾ ಗುಡುಗು ಕೇಳಿದರೆ ಹಿಂದಿರುಗೋಣವೇ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಶಿಖರ ಎದುರಿಗಿರುವಾಗ ಅದೇ ಪ್ರಶ್ನೆ ಕೇಳಿದರೆ ಉತ್ತರ ಬೇರೆ. ಅಲ್ಲಿ ಆಸೆಯೇ ವಾದಿ, ಆಸೆಯೇ ನ್ಯಾಯಾಧೀಶ. ಆದ್ದರಿಂದ ಹಿಂದಿರುಗುವ ತೀರ್ಮಾನವನ್ನು ಬೆಟ್ಟದ ಮೇಲೆ ಮಾಡಬಾರದು. ಮನೆಯಲ್ಲೇ ಮಾಡಿಕೊಂಡು ಹೊರಡಬೇಕು. ಏಣಿನ ಮೇಲೆ ನಾವು ಮಾಡಬೇಕಾದದ್ದು ಆ ಮಾತನ್ನು ಉಳಿಸಿಕೊಳ್ಳುವುದಷ್ಟೇ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಛಲ ಮತ್ತು ಹಠ. ಮೊದಲನೆಯದನ್ನು ನಾವು ಮೆಚ್ಚುತ್ತೇವೆ, ಎರಡನೆಯದನ್ನು ಮಗುವಿನಲ್ಲೂ ತಿದ್ದುತ್ತೇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಹಿಡಿದದ್ದನ್ನು ಬಿಡದಿರುವುದು. ಒಳಗಿನ ವ್ಯತ್ಯಾಸವೇನು? ಛಲವುಳ್ಳವನು ಗುರಿಯನ್ನು ಬಿಡುವುದಿಲ್ಲ, ಆದರೆ ದಿನವನ್ನು ಬಿಡಬಲ್ಲ. ಹಠವುಳ್ಳವನಿಗೆ ಇಂದೇ ಆಗಬೇಕು. ಬೆಟ್ಟ ನಾಳೆಯೂ ಇರುತ್ತದೆ ಎಂಬ ಮಾತು ಮೊದಲನೆಯವನಿಗೆ ಸಮಾಧಾನ, ಎರಡನೆಯವನಿಗೆ ಅವಮಾನ.

"ಆದರೆ ಸರ್, ನನಗೆ ನಾಳೆಯಿಲ್ಲವಲ್ಲ" ಎಂದು ಆ ದಿನ ಏಣಿನ ಮೇಲೆ ನಿಂತು ಕತಾರಿಗೆ ಹೊರಟಿದ್ದವನು ಹೇಳಿದ. ಅವನ ಮಾತಿನಲ್ಲಿ ಹಠವಿರಲಿಲ್ಲ. ನಿಜವಿತ್ತು.

ಅಪಾಯ ಯಾರ ತಲೆಯ ಮೇಲೆ?

ಒಬ್ಬನೇ ಹೋಗುವವನು ತನ್ನ ಪ್ರಾಣವನ್ನು ಪಣಕ್ಕಿಡಬಹುದೇ ಎಂಬುದೇ ದೊಡ್ಡ ಪ್ರಶ್ನೆ. ಆದರೆ ಒಬ್ಬನೇ ಹೋಗುವವನು ನಿಜಕ್ಕೂ ಒಬ್ಬನೇ ಹೋಗುತ್ತಾನೆಯೇ? ಅವನು ಜಾರಿ ಬಿದ್ದರೆ ಕತ್ತಲಲ್ಲಿ, ಮಳೆಯಲ್ಲಿ, ಹೊತ್ತು ಇಳಿಸುವವರು ಮುಳ್ಳೋಡಿಯ ಮನೆಗಳವರು, ಅರಣ್ಯ ಇಲಾಖೆಯ ಕಾವಲುಗಾರರು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ರಾತ್ರಿಯಿಡೀ ಬಾಗಿಲ ಬಳಿ ಕೂರುವ ತಾಯಿ ಆ ಚಾರಣಕ್ಕೆ ಹೆಸರು ಕೊಟ್ಟವಳಲ್ಲ.

ಮಾರ್ಗದರ್ಶಿಯ ಸ್ಥಿತಿಯನ್ನು ಸ್ವಲ್ಪ ಯೋಚಿಸಿರಿ. "ನೀವು ಹೇಳಿದ ಹಾಗೆ" ಎಂದ ಆ ಮಾತು ಬಹಳ ದಿನ ನನ್ನನ್ನು ಕಾಡಿತು. ಆಕಾಶವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಬಲ್ಲವರು ಅವರು. ಬೆಳಿಗ್ಗೆ ಹತ್ತಕ್ಕೆ ಹೊರಟಾಗಲೇ ಅವರಿಗೆ ತಿಳಿದಿತ್ತು. ಆದರೆ ಅವರ ದಿನದ ಸಂಪಾದನೆ ನಮ್ಮ ಸಂತೋಷದ ಮೇಲೆ ನಿಂತಿತ್ತು. "ಬೇಡ" ಎನ್ನುವ ಹಕ್ಕು ಬಡವನಿಗೆ ಯಾವಾಗಲೂ ದುಬಾರಿ. ಹೀಗಿರುವಾಗ ಆ ಮಾತನ್ನು ಅವರ ಬಾಯಿಂದ ಹೊರಡಿಸಲು ಕಾಯುವುದು ನ್ಯಾಯವಲ್ಲ. ಹಣ ಕೊಟ್ಟವನೇ "ಬೇಡ" ಎನ್ನಬೇಕು. ಹಿರಿಯನಾದವನೇ ಕಿರಿಯರ ಬೇಸರವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕು. ಮುಂದಾಳುತನದ ಅರ್ಥ ಮುಂದೆ ನಡೆಯುವುದಷ್ಟೇ ಅಲ್ಲ, ಅಪ್ರಿಯನಾಗಲು ಸಿದ್ಧನಿರುವುದೂ ಹೌದು.

ಗುಂಪಿನಲ್ಲಿ ಇನ್ನೊಬ್ಬ, "ದೇವರಿದ್ದಾನೆ, ಹೋಗೋಣ ಸರ್" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ನಂಬಿಕೆಗೂ ಪರೀಕ್ಷೆಗೂ ವ್ಯತ್ಯಾಸವಿದೆ. ದೇವಾಲಯದ ತುದಿಯಿಂದ ಧುಮುಕಿದರೆ ದೂತರು ಹಿಡಿಯುವರೆಂಬ ಪ್ರಲೋಭನೆಗೆ ಯೇಸುಸ್ವಾಮಿ ಒಪ್ಪಲಿಲ್ಲವೆಂಬುದನ್ನು ನೀವು ಬಲ್ಲಿರಿ. ಪಡುವಣದಲ್ಲಿ ಏಳುವ ಮೋಡವನ್ನು ಕಂಡು ಮಳೆಯನ್ನು ಗುರುತಿಸುವ ಜನರ ಜಾಣ್ಮೆಯನ್ನು ಅವರು ಪ್ರಸ್ತಾಪಿಸಿದ್ದು ಲೂಕನ ಶುಭಸಂದೇಶದಲ್ಲಿದೆ. ಆ ನಾಡಿಗೂ ಪಶ್ಚಿಮದಲ್ಲಿ ಕಡಲು, ನಮಗೂ ಪಶ್ಚಿಮದಲ್ಲಿ ಕಡಲು. ಕಂಡ ಮೋಡವನ್ನು ಕಾಣದಂತೆ ನಟಿಸುವುದು ಭಕ್ತಿಯಾಗಲಾರದು. ಮೋಡವನ್ನು ಓದುವ ಕಣ್ಣು ಕೂಡ ಕೊಟ್ಟದ್ದೇ ಅಲ್ಲವೇ?

ಮಳೆ ಬರಲಿಲ್ಲ

ಈಗ ನಿಮಗೆ ಉಳಿದ ಕತೆಯನ್ನು ಹೇಳಬೇಕು. ನಾವು ಇಳಿದೆವು. ಯಾರೂ ಮಾತಾಡಲಿಲ್ಲ. ಮೂರು ಗಂಟೆಗೆ ಒಂಟಿಮರದ ಬಳಿ ಬಂದು ಹಿಂದಿರುಗಿ ನೋಡಿದರೆ ಮೋಡ ತೆಂಕಣಕ್ಕೆ ಸರಿದುಹೋಗಿತ್ತು. ಶಿಖರದ ಮೇಲೆ ಹೊಂಬಿಸಿಲು. ಒಂದು ಹನಿ ಮಳೆಯೂ ಬೀಳಲಿಲ್ಲ. ನಾವು ಮುಂದೆ ಹೋಗಿದ್ದರೆ ಅಷ್ಟು ಹೊತ್ತಿಗೆ ಆ ಬಿಸಿಲಿನಲ್ಲಿ ನಿಂತಿರುತ್ತಿದ್ದೆವು. ಅವನು ಬಹಳ ಹೊತ್ತು ಶಿಖರವನ್ನೇ ನೋಡುತ್ತ ನಿಂತ. ಬುಧವಾರ ವಿಮಾನ ಹತ್ತಿದ.

ಸಾಮಾನ್ಯವಾಗಿ ಇಂತಹ ಲೇಖನಗಳಲ್ಲಿ ಹಿಂದಿರುಗಿದವರ ಬೆನ್ನ ಹಿಂದೆಯೇ ಸಿಡಿಲು ಬಡಿಯುತ್ತದೆ, ಅವರ ವಿವೇಕ ರುಜುವಾತಾಗುತ್ತದೆ. ನನಗೆ ಆ ಭಾಗ್ಯ ಸಿಗಲಿಲ್ಲ. ಹಾಗಾದರೆ ನಾನು ತಪ್ಪಿದೆನೇ?

ಹಲವು ವರ್ಷ ಯೋಚಿಸಿ ನಾನು ತಲುಪಿದ ತೀರ್ಮಾನವಿದು: ಒಂದು ನಿರ್ಧಾರವನ್ನು ಅದರ ಫಲದಿಂದ ಅಳೆಯಬಾರದು, ನಿರ್ಧರಿಸುವ ಹೊತ್ತಿಗೆ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕು. ಕುಡಿದು ಗಾಡಿ ಓಡಿಸಿದವನು ಸುಖವಾಗಿ ಮನೆ ಸೇರಿದ ಮಾತ್ರಕ್ಕೆ ಅವನು ಮಾಡಿದ್ದು ಸರಿಯಾಗುವುದಿಲ್ಲ. ಹಾಗೆಯೇ ಎಚ್ಚರಿಕೆ ವಹಿಸಿದವನಿಗೆ ಅಪಾಯ ಎದುರಾಗದಿದ್ದ ಮಾತ್ರಕ್ಕೆ ಅವನ ಎಚ್ಚರಿಕೆ ವ್ಯರ್ಥವಾಗುವುದಿಲ್ಲ. ಫಲದಿಂದಲೇ ಅಳೆಯತೊಡಗಿದರೆ ಅದೃಷ್ಟವಂತ ಮೂರ್ಖನು ಜ್ಞಾನಿಯೆನಿಸುತ್ತಾನೆ. ಅವನ ಅದೃಷ್ಟವನ್ನೇ ಪಾಠವೆಂದು ತಿಳಿದು ಹತ್ತು ಮಂದಿ ಹಿಂಬಾಲಿಸುತ್ತಾರೆ. ಬೆಟ್ಟಗಳಲ್ಲಿ ನಡೆಯುವ ಎಷ್ಟೋ ಅನಾಹುತಗಳ ಹಿಂದೆ "ಹೋದ ಸಲ ಏನೂ ಆಗಲಿಲ್ಲ" ಎಂಬ ಮಾತು ಅಡಗಿರುತ್ತದೆ.

ಆದರೆ ಈ ವಾದ ನನ್ನನ್ನು ಪೂರ್ಣವಾಗಿ ಬಿಡುಗಡೆ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದು ಗಂಟೆಗೆ ಹಿಂದಿರುಗಿದ್ದು ಸರಿ. ಬೆಳಿಗ್ಗೆ ಎರಡು ಗಂಟೆ ಕಳೆದದ್ದು ತಪ್ಪು. ಅವನ ಶಿಖರವನ್ನು ಕಸಿದದ್ದು ಮೋಡವಲ್ಲ, ನನ್ನ ಸಡಿಲತನ. ಬೇಗ ಹೊರಟಿದ್ದರೆ ಮೋಡ ಏಳುವ ಹೊತ್ತಿಗೆ ನಾವು ಶಿಖರ ಮುಟ್ಟಿ ಇಳಿಯುತ್ತಿರುತ್ತಿದ್ದೆವು. ಕೊನೆಯಲ್ಲಿ ಕಠಿಣನಾಗಬೇಕಾದ ಪ್ರಸಂಗ ಬಂದದ್ದು ಮೊದಲು ಕಠಿಣನಾಗದಿದ್ದುದರಿಂದ. ಮಕ್ಕಳನ್ನು ಬೆಳೆಸುವ ತಂದೆತಾಯಿಯರಿಗೆ ಈ ಮಾತು ಬೆಟ್ಟದಾಚೆಗೂ ಅರ್ಥವಾದೀತು.

ಇನ್ನೊಂದು ತುದಿಯ ತಪ್ಪನ್ನೂ ಮಾಡಬಾರದು. ಮೋಡಕ್ಕೆ ಹೆದರಿ ಮನೆಯಲ್ಲೇ ಕೂರುವುದು ವಿವೇಕವಲ್ಲ. ಹೊರಡದವನಿಗೆ ಹಿಂದಿರುಗುವ ಪ್ರಶ್ನೆಯೇ ಇಲ್ಲ. ಮಕ್ಕಳಿಗೆ ಬೆಟ್ಟ ಬೇಡವೆನ್ನಬೇಡಿರಿ. ಹೇಗೆ ಹೋಗಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ಕಲಿಸಿರಿ.

ನಮ್ಮ ತುಳುನಾಡಿನ ಹಿರಿಯರಿಗೆ ಇದು ಹೊಸತಾಗಿರಲಿಲ್ಲ. ಮೇ ತಿಂಗಳ ಕೊನೆಯ ವಾರಕ್ಕೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತಿದ್ದವು, ಕೋಲ ನೇಮಗಳು ನಿಲ್ಲುತ್ತಿದ್ದವು. ಆ ದಿನ ಮಳೆ ಬಂದಿದೆಯೋ ಇಲ್ಲವೋ ಎಂದು ಯಾರೂ ನೋಡುತ್ತಿರಲಿಲ್ಲ. ನಿಲ್ಲುವ ದಿನವನ್ನು ಮೊದಲೇ ಗೊತ್ತುಮಾಡಿದ್ದರು, ಗೊತ್ತುಮಾಡಿದಂತೆ ನಿಲ್ಲಿಸುತ್ತಿದ್ದರು. ಮುಂದಿನ ಹಂಗಾಮಿಗೆ ಗೆಜ್ಜೆ ಮತ್ತೆ ಕಾಲಿಗೆ ಏರುತ್ತಿತ್ತು. ನಿಲ್ಲಿಸಲು ಬಲ್ಲವರಿಗೆ ಮತ್ತೆ ಆರಂಭಿಸಲೂ ತಿಳಿದಿತ್ತು.

ಕತಾರಿಗೆ ಹೋದವನು ಈಗ ಎರಡು ಮಕ್ಕಳ ತಂದೆ. ರಜೆಯಲ್ಲಿ ಬಂದಾಗ ಇಗರ್ಜಿಯ ಅಂಗಳದಲ್ಲಿ ಸಿಗುತ್ತಾನೆ. ಇನ್ನೂ ಆ ಶಿಖರವನ್ನು ಹತ್ತಿಲ್ಲ. ಅವನ ರಜೆ ಬರುವುದು ಮಳೆಗಾಲದಲ್ಲಿ. "ನೀವು ನನಗೆ ಒಂದು ಗುಡ್ಡ ಬಾಕಿ ಇಟ್ಟಿದ್ದೀರಿ ಸರ್" ಎನ್ನುತ್ತಾನೆ. ಆ ಬಾಕಿಯನ್ನು ನಾನು ಒಪ್ಪಿಕೊಳ್ಳುತ್ತೇನೆ. ತೀರಿಸಲು ನನ್ನ ಮೊಣಕಾಲುಗಳು ಈಗ ಒಪ್ಪುವುದಿಲ್ಲ.

ಪ್ರಿಯ ಓದುಗರೇ, ನಿಮ್ಮ ಮಗನೋ ಮಗಳೋ ಮುಂದಿನ ಸಲ ಬೆಟ್ಟಕ್ಕೆ ಹೊರಟಾಗ ಬುತ್ತಿ, ಟಾರ್ಚು, ಮಳೆಯಂಗಿಗಳ ಜೊತೆಗೆ ಒಂದು ಮಾತನ್ನೂ ಕಟ್ಟಿಕೊಡಿರಿ. ಎಷ್ಟು ಗಂಟೆಗೆ ಹಿಂದಿರುಗುತ್ತೀರಿ, ಏನನ್ನು ಕಂಡರೆ ಹಿಂದಿರುಗುತ್ತೀರಿ ಎಂದು ಕೇಳಿ ಅವರ ಬಾಯಿಂದಲೇ ಉತ್ತರ ಹೇಳಿಸಿರಿ. ಶಿಖರ ಮುಟ್ಟದೆ ಮುಖ ಸಣ್ಣದು ಮಾಡಿಕೊಂಡು ಬಂದರೆ, "ಮಳೆಯೇ ಬರಲಿಲ್ಲವಲ್ಲ" ಎಂದು ಹಂಗಿಸಬೇಡಿರಿ. ಕೊಟ್ಟ ಮಾತನ್ನು ಉಳಿಸಿಕೊಂಡು ಬಂದವರಿಗೆ ಬಿಸಿ ಊಟ ಬಡಿಸಿರಿ.